ಗೋಡೆಗೆ ಏರಿದ ಕೌದಿ

"ಗುರುಗಳೇ, ದಿನವೂ ಕೈಗೆ ಬರುವ ಸಾಮಾನು ದೊಡ್ಡದೋ, ಗೋಡೆಯ ಮೇಲಿನ ಚಿತ್ರ ದೊಡ್ಡದೋ?"

ಶಿಷ್ಯ ಕೇಳಿದ. ಅವನು ಕುಂಬಾರರ ಮನೆಯವನು. ಪೇಟೆಗೆ ಹೋಗಿ ಸಿಟ್ಟು ಹೊತ್ತುಕೊಂಡು ಬಂದಿದ್ದ. ಪೇಟೆಯಲ್ಲಿ ಒಂದು ಚಿತ್ರವನ್ನು ಗಾಡಿಯ ಮೇಲೆ ನಿಲ್ಲಿಸಿ, ವಾದ್ಯ ಬಾರಿಸಿ ಮೆರೆಸಿದ್ದರು. ಮೆರವಣಿಗೆ ಮುಗಿದ ಮೇಲೆ ಎಲ್ಲರೂ ಮಡಕೆಯ ನೀರು ಕುಡಿದು ಮನೆಗೆ ಹೋಗಿದ್ದರು.

"ಚಿತ್ರ ನೀರು ಹಿಡಿಯುವುದಿಲ್ಲ, ಅನ್ನ ಬೇಯಿಸುವುದಿಲ್ಲ. ಮಡಕೆ ಎರಡನ್ನೂ ಮಾಡುತ್ತದೆ. ಆದರೂ ಹಾರ ಚಿತ್ರಕ್ಕೆ, ಮಸಿ ಮಡಕೆಗೆ. ಇದು ಯಾವ ನ್ಯಾಯ? ಮಡಕೆಗೆ, ಮೊರಕ್ಕೆ, ಪೊರಕೆಗೆ ಹಾರ ಹಾಕುವ ಕಾಲ ಬರಬೇಕು" ಎಂದ.

ಗುರುಗಳು ನಕ್ಕರು.

"ಆ ಕಾಲ ಒಂದು ಊರಿಗೆ ಬಂದಿತ್ತಪ್ಪ. ಕೇಳು" ಎಂದು ಹೇಳತೊಡಗಿದರು.

ಆ ಊರಿನಲ್ಲಿ ಒಬ್ಬ ಸಾಹುಕಾರನಿದ್ದ. ಹತ್ತಿ ಕೊಳ್ಳುವುದು, ಹತ್ತಿ ಮಾರುವುದು ಅವನ ಕಸುಬು. ಒಂದು ಎಳೆ ನೂಲು ತೆಗೆದ ಕೈಯಲ್ಲ ಅದು. ಮನೆಯ ಮುಂದೆ ದೊಡ್ಡ ಪಡಸಾಲೆ ಕಟ್ಟಿಸಿದ್ದ. ಗೋಡೆಗಳ ತುಂಬ ಚಿತ್ರ ತೂಗುಹಾಕಿದ್ದ. ಎಲ್ಲವನ್ನೂ ಬರೆದವನು ಆ ಊರಿನ ಒಬ್ಬ ಚಿತ್ರಗಾರ. ಸಾಹುಕಾರ ಚಿತ್ರಗಳನ್ನು ನೋಡುತ್ತಿರಲಿಲ್ಲ. ಬಂದವರು ಚಿತ್ರ ನೋಡುವುದನ್ನು ನೋಡುತ್ತಿದ್ದ.

ಬರಬರುತ್ತ ಬಂದವರು ನೋಡುವುದನ್ನು ಬಿಟ್ಟರು. ಸಾಹುಕಾರನಿಗೆ ಬೇಸರ ಬಂತು. ಸಾಹುಕಾರನಿಗೆ ಬೇಸರ ಬಂದರೆ ಊರಿಗೆ ಕೆಲಸ ಬಿತ್ತೆಂದೇ ತಿಳಿ.

ಅದೇ ಹೊತ್ತಿಗೆ ಒಬ್ಬ ಮಾತುಗಾರ ಆ ಊರಿಗೆ ಬಂದ. ನೀನು ಈಗ ಆಡಿದ ಮಾತನ್ನೇ ಅವನೂ ಆಡಿದ. ಚಿತ್ರ ಉಣ್ಣಲು ಬಾರದು, ಉಡಲು ಬಾರದು. ಬಡವರ ಮನೆಯ ಸಾಮಾನೇ ನಿಜವಾದ ಕಲೆ. ಅದಕ್ಕೆ ಗೌರವ ಸಲ್ಲಬೇಕು ಎಂದ. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆಯ ಸದ್ದು ಸಾಹುಕಾರನ ಕಿವಿಗೆ ಬಿತ್ತು.

ಮರುದಿನ ಚಿತ್ರಗಳು ಗೋಡೆಯಿಂದ ಇಳಿದವು. ಅವನ್ನು ದನದ ಕೊಟ್ಟಿಗೆಯಲ್ಲಿ ಒರಗಿಸಿ ಇಟ್ಟರು. ಊರಿನಲ್ಲಿ ಡಂಗುರ ಸಾರಿದರು. ಪ್ರತಿ ಮನೆಯವರೂ ತಮ್ಮ ಒಳ್ಳೆಯ ಸಾಮಾನೊಂದನ್ನು ತಂದು ಕೊಡಬೇಕು. ಅದನ್ನು ಪಡಸಾಲೆಯ ಗೋಡೆಗೆ ಏರಿಸಲಾಗುವುದು. ಸೀಮೆಯ ದೇಸಾಯರು ಬಂದು ಎಲ್ಲಕ್ಕಿಂತ ದೊಡ್ಡ ಸಾಮಾನಿಗೆ ತಮ್ಮ ಕೈಯಾರೆ ಹಾರ ಹಾಕುವರು.

ಜನ ಓಡೋಡಿ ಬಂದು ಕೊಟ್ಟರು. ಗೌರವ ಎನ್ನುವುದು ಎಂಥ ಕಳ್ಳ ನೋಡು. ಬೇರೆ ಕಳ್ಳ ಬಂದರೆ ನಾಯಿಯಾದರೂ ಬೊಗಳುತ್ತದೆ. ಈ ಕಳ್ಳ ಬಂದರೆ ಮನೆಯವರೇ ಬಾಗಿಲು ತೆಗೆದು, ಸಾಮಾನು ಹೊರಗೆ ತಂದಿಟ್ಟು, ಕೈ ಮುಗಿಯುತ್ತಾರೆ.

ಒಬ್ಬಳು ಮೊರ ಕೊಟ್ಟಳು. ಅಂದಿನಿಂದ ಅವಳ ಮನೆಯವರು ಅನ್ನದ ಜೊತೆ ಕಲ್ಲು ಅಗಿದರು. ಒಬ್ಬ ಬಾವಿಯ ಹಗ್ಗ ಕೊಟ್ಟ. ಅವನ ಮನೆಯವರು ನೀರಿಗಾಗಿ ನೆರೆಮನೆಯ ಮುಂದೆ ಕೊಡ ಹಿಡಿದು ನಿಂತರು. ಒಬ್ಬ ಕುಡುಗೋಲು ಕೊಟ್ಟ. ಒಬ್ಬಳು ಹಂಡೆ ಕೊಟ್ಟು, ತಣ್ಣೀರು ಸ್ನಾನ ಮಾಡಿ ಸೀನಿದಳು. ಇನ್ನೊಬ್ಬಳು ಕಸಬರಿಗೆ ಕೊಟ್ಟಳು. ಮನೆಯಲ್ಲಿ ಕಸ ಮೊಣಕಾಲಿಗೆ ಬಂದರೂ ಅವಳ ಗತ್ತು ಇಳಿಯಲಿಲ್ಲ. "ನಮ್ಮ ಕಸಬರಿಗಿ ಸಾವುಕಾರ್ರ ಗ್ವಾಡಿ ಮ್ಯಾಲ ಐತಿ. ನಿಮ್ಮದು ಎಲ್ಲೈತಿ? ಮೂಲ್ಯಾಗ?" ಎಂದು ಬೀದಿಯಲ್ಲಿ ಹೋಗುವವರನ್ನು ಕೇಳುತ್ತಿದ್ದಳು.

ಒಬ್ಬ ರೈತ ನೊಗ ಕೊಟ್ಟ. ಅದು ಅವನ ಅಪ್ಪ ಕೆತ್ತಿದ್ದು. ಗೋಡೆಗೆ ಏರಿದ ಮೇಲೆ ಅವನು ಅದನ್ನು ನೋಡಲು ಬಂದ. ನೋಡಿದವನು ಅಲ್ಲೇ ನಿಂತ. ನೊಗದ ನಡುವೆ ಒಂದು ಪುಟ್ಟ ಗಿಳಿಯಿತ್ತು. ಅಪ್ಪ ಉಳಿಯಿಂದ ಬಿಡಿಸಿದ್ದ. ಹುಟ್ಟಿದಾಗಿನಿಂದ ಹೆಗಲ ಮೇಲೆ ಹೊತ್ತವನಿಗೆ ಆ ಗಿಳಿ ಕಂಡಿರಲಿಲ್ಲ. ಗೋಡೆಯಿಂದ ಆದ ಒಳ್ಳೆಯದು ಇದೊಂದೇ. ಆದದ್ದನ್ನು ಆಯಿತು ಎನ್ನಬೇಕು. ಅವನ ಹೊಲ ಮಾತ್ರ ಉಳದೆ ಬಿತ್ತು. ಎತ್ತುಗಳು ನೆರಳಿನಲ್ಲಿ ಮಲಗಿ ಕೊಬ್ಬಿದವು.

ಪಡಸಾಲೆಯ ಬಾಗಿಲಿಗೆ ಒಬ್ಬ ಕಾವಲುಗಾರನನ್ನು ಇಟ್ಟರು. ಅವನಿಗೆ ಒಂದೇ ಮಾತು ಕಲಿಸಿದ್ದರು. "ಮುಟ್ಟಬ್ಯಾಡ್ರಿ!" ನಿನ್ನೆಯವರೆಗೆ ತಾವೇ ಹಿಡಿದು ಗುಡಿಸಿದ ಕಸಬರಿಗೆಯನ್ನು, ತಾವೇ ಸೇದಿದ ಹಗ್ಗವನ್ನು ಜನ ದೂರದಿಂದ ನೋಡಿ ಹೋದರು.

ಈಗ ಕೌದಿಯ ಮಾತಿಗೆ ಬರುತ್ತೇನೆ.

ಆ ಊರಿನಲ್ಲಿ ಒಬ್ಬ ಮುದುಕಿಯಿದ್ದಳು. ಗಂಡ ತೀರಿಕೊಂಡಿದ್ದ. ಇದ್ದೊಬ್ಬ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮುದುಕಿ ಹುಟ್ಟುವ ಕೂಸಿಗಾಗಿ ಕೌದಿ ಹೊಲಿದಿದ್ದಳು. ಹಳೆಯ ಸೀರೆ, ಕುಪ್ಪಸಗಳ ತುಂಡುಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಹಾಸಿಗೆ ಅದು. ನಟ್ಟನಡುವೆ ಗಂಡ ತಲೆಗೆ ಸುತ್ತುತ್ತಿದ್ದ ರುಮಾಲಿನ ಕೆಂಪು ಬಟ್ಟೆ ಇತ್ತು. ಅದನ್ನು ಇಡು ಎಂದವಳು ಮಗಳೇ. "ಕೂಸು ಹುಟ್ಟಿದ ದಿನಾನ ಅಪ್ಪನ ರುಮಾಲಿನ ಮ್ಯಾಲ ಮಲಗಬೇಕವ್ವಾ. ಅಪ್ಪ ಎತ್ತಿಕೊಂಡ್ಹಂಗ ಆಗತೈತಿ" ಎಂದಿದ್ದಳು.

ಆ ಸೀಮೆಯಲ್ಲಿ ಕೂಸಿನ ಕೌದಿಯನ್ನು ಪೂರಾ ಹೊಲಿಯುವುದಿಲ್ಲ. ಒಂದು ಮೂಲೆಯನ್ನು ಬಿಡುತ್ತಾರೆ. ಅದು ಕೌದಿಯ ಬಾಯಿ. ಕೂಸು ಹುಟ್ಟಿದ ದಿನ ಅಜ್ಜಿಯಾದವಳು ಆ ಬಾಯಿಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಾಳೆ. ಹಸಿದ ಕೌದಿ ಕೂಸಿನ ನಿದ್ದೆ ತಿನ್ನುತ್ತದೆ ಎಂದು ಮಾತು. ನಿಜವೋ ಸುಳ್ಳೋ ಎಂದು ನನ್ನನ್ನು ಕೇಳಬೇಡ. ಕೂಸು ಬರುವ ಮನೆಯಲ್ಲಿ ಒಂದು ರೊಟ್ಟಿಯಾದರೂ ಇರಲಿ ಎಂದು ಹೇಳುವ ಬಗೆ ಅದು.

ಸಾಹುಕಾರ ಕೌದಿಯನ್ನು ಕಂಡ, ಕೇಳಿದ. ಮುದುಕಿ ಒಲ್ಲೆ ಎಂದಳು. ಓಣಿಯ ಹೆಂಗಸರು ಅವಳ ಬೆನ್ನು ಹತ್ತಿದರು. ಕೊಡದಿದ್ದರೆ ಓಣಿಗೇ ಅವಮಾನ ಎಂದರು. ಕೊನೆಗೆ ಮುದುಕಿ ಒಂದು ಮಾತು ತೆಗೆದುಕೊಂಡು ಕೊಟ್ಟಳು. ಮಗಳಿಗೆ ನೋವು ಬಂದ ದಿನ ಕೌದಿ ತಿರುಗಿ ಬರಬೇಕು. ಸಾಹುಕಾರ ಆಗಲಿ ಎಂದ. ಆಗಲಿ ಎನ್ನುವುದು ಅವನಿಗೆ ಕೆಮ್ಮಿದಷ್ಟೇ ಸುಲಭ.

ಕೌದಿ ಪಡಸಾಲೆಯ ನಡುಗೋಡೆಗೆ ಏರಿತು. ನೋಡಿದವರೆಲ್ಲ ಬಾಯಿ ತೆರೆದರು. ಹಾರ ಇದಕ್ಕೇ ಎಂದು ಊರೆಲ್ಲ ಹೇಳಿತು. ಹಾರ ಬಿದ್ದ ಮೇಲೆ ಅದು ದೇಸಾಯರ ವಾಡೆಗೆ ಹೋಗುತ್ತದೆ ಎಂದು ಸಾಹುಕಾರ ಒಳಗೊಳಗೇ ಅವರಿಗೆ ಹೇಳಿ ಕಳಿಸಿದ್ದ. ಅದು ಮುದುಕಿಗೆ ತಿಳಿದಿರಲಿಲ್ಲ.

ದೇಸಾಯರು ಬರುವ ದಿನ ಬಂತು. ಅಂದೇ ಬೆಳಿಗ್ಗೆ ಮುದುಕಿಯ ಮಗಳಿಗೆ ನೋವು ಸುರುವಾಯಿತು.

ಮುದುಕಿ ಪಡಸಾಲೆಗೆ ಬಂದಳು. ಚಿತ್ರಗಾರ ಎದುರಿನ ಕಟ್ಟೆಯ ಮೇಲೆ ಕುಳಿತಿದ್ದ. ಚಿತ್ರ ಇಳಿದ ದಿನದಿಂದ ಅವನು ಅಲ್ಲೇ ಕುಳಿತು ಹೋಗಿ ಬರುವವರನ್ನು ಬೈಯುತ್ತಿದ್ದ.

"ಬಾ ಅಜ್ಜಿ, ಬಾ. ನಿನ್ನ ಚಿಂದಿ ಗ್ವಾಡಿ ಏರೇತಿ. ನಾ ಬರದ ಹೊಳಿ ದನದ ಕೊಟ್ಟಿಗ್ಯಾಗ ಬಿದ್ದೈತಿ" ಎಂದ.

"ದನಕ್ಕರ ನೋಡಾಕ ಆತಲ್ಲ ಬಿಡೋ ತಮ್ಮಾ. ಅವೇನು ಅಂದ್ವು?"

"ಒಂದು ಎಮ್ಮಿ ಬಂದು ನೀರು ಅಂತ ನೆಕ್ಕೇತಿ."

"ಹಂಗಾದ್ರ ಬೇಷ್ ಬರದೀ ಬಿಡು" ಎಂದು ಮುದುಕಿ ನಕ್ಕಳು. "ಆದ್ರ ಥಂಡ್ಯಾಗ ಅದನ್ನ ಹೊತಗೊಂಡ್ರ ಬೆಚ್ಚಗಾಗೂದಿಲ್ಲಲ್ಲೋ."

"ನಿನ್ನ ಕೌದಿ ನೋಡಿದ್ರ ಯಾರಿಗರ ತಮ್ಮ ಊರ ಹೊಳಿ ನೆನಪಾಗತೈತೇನು?"

"ನೋಡಾಕ ಯಾರು ಹೊಲದಾರೋ ಮೂಳಾ, ಮಲಗಾಕ ಹೊಲದೀನಿ" ಎಂದು ಅವಳು ಒಳಗೆ ಹೋದಳು.

ಸಾಹುಕಾರ ಹೊಸ ಅಂಗಿ ತೊಟ್ಟು ನಿಂತಿದ್ದ.

"ಸಾವುಕಾರ್ರ, ಮಗಳಿಗೆ ಬ್ಯಾನಿ ಸುರು ಆಗ್ಯಾವ. ನನ್ನ ಕೌದಿ ಕೊಡ್ರಿ."

"ಯವ್ವಾ, ಇನ್ನೇನು ದೇಸಾಯರು ಬರತಾರ. ನಿನ್ನ ಕೌದಿಗೇ ಹಾರ ಬೀಳೂದು. ಇಂಥಾ ಹೊತ್ತಿನ್ಯಾಗ ಇಳಸ್ತಾರೇನು? ಒಳಗಿಂದ ಎರಡು ರೇಶಿಮಿ ದುಪ್ಪಟಿ ಕೊಡಸ್ತೀನಿ, ತೊಗೊಂಡು ಹೋಗು."

"ರೇಶಿಮಿ ಕೂಸಿನ ಉಚ್ಚಿ ಹೀರತೈತೇನ್ರಿ?"

ಸಾಹುಕಾರನ ಮುಖ ಹುಳ್ಳಗಾಯಿತು. ಅಂಥ ಮಾತು ಆ ಪಡಸಾಲೆಯಲ್ಲಿ ಯಾರೂ ಆಡಿರಲಿಲ್ಲ. "ಇನ್ನ ಅದು ಉಚ್ಚಿ ಹೊಯ್ಸಿಕೊಳ್ಳೋ ಸಾಮಾನಲ್ಲ ಯವ್ವಾ. ದೇಸಾಯರ ವಾಡೆಕ್ಕ ಹೊಂಟೈತಿ. ನಿನ್ನ ಭಾಗ್ಯ" ಎಂದ.

ಆಗ ಮುದುಕಿ ತಲೆಯೆತ್ತಿ ಕೌದಿಯನ್ನು ನೋಡಿದಳು. ಬಿಟ್ಟಿದ್ದ ಮೂಲೆಯನ್ನು ಯಾರೋ ಜರಿಯ ದಾರದಿಂದ ಹೊಲಿದು ಮುಚ್ಚಿದ್ದರು. ದೇಸಾಯರ ಕಣ್ಣಿಗೆ ಅರೆಬರೆ ಸಾಮಾನು ಬೀಳಬಾರದೆಂದು ಸಾಹುಕಾರ ದರ್ಜಿಯನ್ನು ಕರೆಸಿದ್ದ. ಅವನಿಗೆ ಅದು ಅವಳ ಮರೆವು ಎನಿಸಿತ್ತು. ದೊಡ್ಡ ಉಪಕಾರ ಮಾಡಿದೆ ಎಂದುಕೊಂಡಿದ್ದ.

"ಉಪಾಸ ಹೊಲದ್ರೇನ್ರಿ?" ಎಂದು ಮುದುಕಿ ಕೇಳಿದಳು. ಸಾಹುಕಾರನಿಗೆ ಅರ್ಥವಾಗಲಿಲ್ಲ. ಅವಳು ಕೈ ಚಾಚಿದಳು. ಕಾವಲುಗಾರ "ಮುಟ್ಟಬ್ಯಾಡ್ರಿ!" ಎಂದು ಕೂಗಿ ಅಡ್ಡ ನಿಂತ. ಮುದುಕಿ ಬರಿಗೈಯಲ್ಲಿ ಮನೆಗೆ ಹೋದಳು.

ಮಗಳು ಗೋಡೆ ಹಿಡಿದು ನಿಂತಿದ್ದಳು. ಅವ್ವನ ಕೈ ನೋಡಿದಳು. ನಡೆದದ್ದನ್ನು ಕೇಳಿದಳು. ಒಂದು ನೋವು ಬಂದು ಹೋಗುವವರೆಗೆ ಹಲ್ಲು ಕಚ್ಚಿ ನಿಂತಳು. ಆಮೇಲೆ ಸೆರಗು ಬಿಗಿದಳು.

"ಕೌದಿ ಬರೂದಿಲ್ಲಂದ್ರ ನಾನಽ ಹೋಗತೀನಿ ನಡಿ" ಎಂದಳು.

ಸೂಲಗಿತ್ತಿ ಬೇಡ ಎಂದಳು, ಬೈದಳು, ಕೊನೆಗೆ ತನ್ನ ಗಂಟು ಎತ್ತಿಕೊಂಡು ಹಿಂದೆ ನಡೆದಳು. ಮಗಳು ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತಿದ್ದಳು, ನೋವು ಹೋದ ಮೇಲೆ ಮತ್ತೆ ನಡೆಯುತ್ತಿದ್ದಳು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಹೊರಗೆ ಬಂದು ಜೊತೆಗೂಡಿದರು. ಕೌದಿ ಕೊಡು ಎಂದು ಮುದುಕಿಯ ಬೆನ್ನು ಹತ್ತಿದ್ದವರೂ ಅವರಲ್ಲಿದ್ದರು. ಅವರೇ ಮುಂದೆ ಇದ್ದರು.

ಆ ಸೀಮೆಯಲ್ಲಿ ಇನ್ನೊಂದು ಕಟ್ಟಳೆಯಿದೆ. ನೋವು ತಿನ್ನುವ ಹೆಣ್ಣು ಯಾವ ಹೊಸ್ತಿಲು ದಾಟಿದರೂ ಅವಳನ್ನು ಹೊರಗೆ ಕಳಿಸಬಾರದು. ಶತ್ರುವಿನ ಮನೆಯಾದರೂ ಸರಿ, ಅರಮನೆಯಾದರೂ ಸರಿ. ಬಡವರು ಮಾಡಿಕೊಂಡ ಕಟ್ಟಳೆ ಅದು. ಸಾಹುಕಾರರಿಗೂ ಹೆದರಿಕೆಯಿರುವ ಕಟ್ಟಳೆಗಳು ಕೆಲವೇ ಕೆಲವು. ಅದು ಅವುಗಳಲ್ಲಿ ಒಂದು.

ಮಗಳು ಹೊಸ್ತಿಲು ದಾಟಿದಳು. ನೇರ ಕೌದಿಯ ಕೆಳಗೆ ಹೋಗಿ ಕುಳಿತಳು.

ಸಾಹುಕಾರ ಎರಡು ಹೆಜ್ಜೆ ಹಿಂದೆ ಸರಿದ.

ಸೂಲಗಿತ್ತಿ ಸುತ್ತ ನೋಡಿದಳು. ಹೆರಿಗೆಗೆ ಬೇಕಾದ ಸಾಮಾನೆಲ್ಲ ಗೋಡೆಯ ಮೇಲೆಯೇ ಇತ್ತು.

"ಹಂಡೆ ಇಳಸ್ರಿ" ಎಂದಳು.

"ಮುಟ್ಟಬ್ಯಾಡ್ರಿ!" ಎಂದ ಕಾವಲುಗಾರ.

"ಆತು, ನಾವು ಮುಟ್ಟೂದಿಲ್ಲ. ನೀನಽ ಇಳಸಿ ನೀರು ತುಂಬಕೊಂಡು ಬಾ."

ಅವನು ಹಂಡೆ ಇಳಿಸಿದ. ಬೇರೆ ಮಾತು ಅವನಿಗೆ ಕಲಿಸಿರಲಿಲ್ಲ. ಹಂಡೆ ಭಾರವೆಂದು ಅದರ ಅಡಿಗೆ ಇಟ್ಟಿದ್ದ ಕೆತ್ತನೆಯ ಕಲ್ಲುಪೀಠಗಳನ್ನು ಹೆಂಗಸರು ಅಂಗಳಕ್ಕೆ ಉರುಳಿಸಿ ಒಲೆ ಹೂಡಿದರು. ಬಾವಿಯ ಹಗ್ಗ ಇಳಿಯಿತು. ಅದನ್ನು ತೊಲೆಗೆ ಕಟ್ಟಿ ಮಗಳ ಕೈಗೆ ಕೊಟ್ಟರು. ನೋವು ಬಂದಾಗ ಹಿಡಿದು ಜಗ್ಗಲಿಕ್ಕೆ. ಕುಡುಗೋಲು ಇಳಿಯಿತು. ಅದನ್ನು ಕುದಿಯುವ ನೀರಿಗೆ ಹಾಕಿದರು. ಕೂಸನ್ನು ಮೊದಲು ಮಲಗಿಸಲು ಮೊರ ಇಳಿಯಿತು. ಕಸಬರಿಗೆ ಇಳಿಯಿತು. ಅದರ ಒಡತಿಯೇ ನೆಲ ಗುಡಿಸಿದಳು. ಗುಡಿಸುತ್ತ, "ಎಷ್ಟು ದಿನ ಆಗಿತ್ತವ್ವಾ ಇದನ್ನ ಹಿಡದು" ಎಂದು ತನ್ನಷ್ಟಕ್ಕೆ ನಕ್ಕಳು.

ಪಡಸಾಲೆಗೆ ಬಾಗಿಲುಗಳು ಬಹಳ. ಬೀದಿಯಲ್ಲಿ ಜನ ಸೇರಿದ್ದರು. ಮರೆ ಬೇಕಾಯಿತು.

ಚಿತ್ರಗಾರ ಕಟ್ಟೆಯಿಂದ ಎದ್ದ. ಯಾರೂ ಹೇಳದೆ ಕೊಟ್ಟಿಗೆಗೆ ಹೋದ. ಎಲ್ಲಕ್ಕಿಂತ ದೊಡ್ಡ ಚಿತ್ರವನ್ನು ಬೆನ್ನ ಮೇಲೆ ಹೊತ್ತು ತಂದ. ಅದು ಬಟ್ಟೆಯ ಮೇಲೆ ಬರೆದ ಹೊಳೆಯ ಚಿತ್ರ. ರೈತ ತನ್ನ ನೊಗವನ್ನು ಇಳಿಸಿ ಎರಡು ಕಂಬಗಳ ನಡುವೆ ಅಡ್ಡ ಕಟ್ಟಿದ. ನೊಗದ ಮೇಲಿಂದ ಚಿತ್ರವನ್ನು ಇಳಿಬಿಟ್ಟರು.

"ಚಿತ್ರ ಹೊರಗಿನ ಕಡೆ ಇರಲಿ. ದೇಸಾಯರು ಬಂದ್ರ ಬರೇ ಬಟ್ಟಿ ಬೆನ್ನು ನೋಡಬೇಕೇನು?" ಎಂದ ಸಾಹುಕಾರ. ಅವನಿಗೆ ಆಗಲೂ ಅದೇ ಚಿಂತೆ.

"ನಿಂತವರು ಬೆನ್ನು ನೋಡ್ಲಿ. ಹೆರಾಕಿ ಹೊಳಿ ನೋಡ್ಲಿ" ಎಂದಳು ಮುದುಕಿ. ಚಿತ್ರ ಒಳಮುಖವಾಯಿತು.

ಗಂಡಸರೆಲ್ಲ ಮರೆಯ ಈಚೆ ಉಳಿದರು. ಒಳಗೆ ಏನು ನಡೆಯುತ್ತಿದೆ ಎಂಬುದು ಸದ್ದಿನಿಂದ ಮಾತ್ರ ತಿಳಿಯುತ್ತಿತ್ತು. ಹೊತ್ತು ಏರಿತು. ಹಗ್ಗ ಕಿರುಗುಟ್ಟಿತು. ಸೂಲಗಿತ್ತಿಯ ದನಿ ಗಟ್ಟಿಯಾಯಿತು. ಆಮೇಲೆ ಮೆತ್ತಗಾಯಿತು. ಅವಳ ದನಿ ಮೆತ್ತಗಾದದ್ದು ಕೇಳಿ ಈಚೆ ನಿಂತವರಿಗೆ ಹೆದರಿಕೆಯಾಯಿತು. ಮಗಳು ಸೋತಿದ್ದಳು. ನೋವು ಬಂದರೂ ಜಗ್ಗುತ್ತಿರಲಿಲ್ಲ.

ಆಗ ಒಳಗಿನಿಂದ ಮಗಳ ಮಾತು ಕೇಳಿಸಿತು. ಸಣ್ಣ ದನಿ.

"ಈ ಕರು ಯಾಕ ಒಂದಽ ನಿಂತೈತಿ?"

ಚಿತ್ರದ ಹೊಳೆಯ ದಂಡೆಯಲ್ಲಿ ಒಂದು ಕರು ಇತ್ತು. ಬಟ್ಟೆಯ ಹಿಂದೆ ನಿಂತಿದ್ದ ಚಿತ್ರಗಾರ ಬೆವತ. ಆ ಚಿತ್ರವನ್ನು ಬಹಳ ಜನ ಹೊಗಳಿದ್ದರು. ಕರುವಿನ ಬಗ್ಗೆ ಯಾರೂ ಕೇಳಿರಲಿಲ್ಲ.

"ಅದರ ತಾಯಿ ಆಚಿ ದಂಡ್ಯಾಗ ಐತಿ ತಂಗೀ" ಎಂದ.

"ಕಾಣೂದಿಲ್ಲಲ್ಲಣ್ಣಾ."

"ಮರದ ಹಿಂದ ಐತಿ. ಹೊಳಿ ಇಳಿಯಾಕ ಹತ್ತೇತಿ."

"ಯಾವಾಗ ಬರತೈತಿ?"

"ಈಗ ಬರತೈತಿ. ಕರುವಿನ ಕಡೆ ನೋಡ್ಕೋತ ಇರು. ಬಂತು ನೋಡು, ಬಂತು."

ಸೂಲಗಿತ್ತಿ ಕೂಗಿದಳು. ಹಗ್ಗ ಬಿಗಿಯಿತು. ತೊಲೆ ನಡುಗಿತು.

ಆಮೇಲೆ ಕೂಸು ಅತ್ತಿತು.

ಕಾವಲುಗಾರ ಏನು ಮಾಡಬೇಕೋ ತಿಳಿಯದೆ "ಮುಟ್ಟಬ್ಯಾಡ್ರಿ!" ಎಂದು ಕೂಗಿದ. ಎಲ್ಲರೂ ನಕ್ಕರು. ಒಳಗೆ ಹೆತ್ತವಳೂ ನಕ್ಕಳು.

ಕೌದಿ ಇಳಿಯಿತು. ಮುದುಕಿ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಜರಿಯ ದಾರವನ್ನು ಕಿತ್ತಳು. ಬಾಯಿ ಬಿಚ್ಚಿತು. "ರೊಟ್ಟಿ ತರ್ರಿ" ಎಂದಳು. ಸಾಹುಕಾರನೇ ಅಡುಗೆಮನೆಗೆ ಓಡಿದ. ಅಂದು ಅವನು ಮಾಡಿದ ಕೆಲಸ ಅದೊಂದು. ಮುದುಕಿ ಒಂದು ಚೂರು ಮುರಿದು ಕೌದಿಗೆ ಉಣಿಸಿ, ಬಾಯಿ ಹೊಲಿದಳು. ಉಳಿದ ರೊಟ್ಟಿಯನ್ನು ತಾನು ತಿಂದಳು. ಬೆಳಗಿನಿಂದ ಅವಳೂ ಉಂಡಿರಲಿಲ್ಲ. ಕೂಸನ್ನು ಮೊರದಿಂದ ಎತ್ತಿ ಅಜ್ಜನ ರುಮಾಲಿನ ಮೇಲೆ ಮಲಗಿಸಿದರು. ಮಲಗಿಸಿದ ಕೂಡಲೇ ಅದು ಕೌದಿಯನ್ನು ತೋಯಿಸಿತು. ಸೂಲಗಿತ್ತಿ ಕೈ ತಟ್ಟಿ, "ಇನ್ನ ಇದನ್ನ ಯಾವ ದೇಸಾಯೀನೂ ಒಯ್ಯೂದಿಲ್ಲ" ಎಂದಳು.

ಅಷ್ಟರಲ್ಲಿ ದೇಸಾಯರು ಬಂದರು. ಕೈಯಲ್ಲಿ ಹಾರವಿತ್ತು. ಗೋಡೆಯಲ್ಲಿ ಬರಿಯ ಮೊಳೆಗಳಿದ್ದವು.

"ಯಾವುದಕ್ಕ ಹಾಕಬೇಕು?" ಎಂದು ದೇಸಾಯರು ಕೇಳಿದರು.

ಸಾಹುಕಾರ ಕೌದಿಗೆ ಎಂದ. ತೋಯ್ದಿದ್ದರೂ ಅದೇ ದೊಡ್ಡದು ಎಂದ. ಹಗ್ಗದವನು ಬಿಡಲಿಲ್ಲ. ನನ್ನ ಹಗ್ಗ ಹರಿದಿದ್ದರೆ ಏನಾಗುತ್ತಿತ್ತು ಎಂದ. ರೈತ, ಮರೆ ಹಿಡಿದು ನಿಂತದ್ದು ನನ್ನ ಅಪ್ಪನ ನೊಗ ಎಂದ. ಮೊರದವಳು, ಕೂಸು ಮೊದಲು ಮುಟ್ಟಿದ್ದು ನನ್ನ ಮೊರವನ್ನು ಎಂದಳು. ಕುಡುಗೋಲಿನವನೂ ಹಂಡೆಯವಳೂ ಒಟ್ಟಿಗೆ ಕೂಗಿದರು. ಚಿತ್ರಗಾರನೂ ಬಾಯಿ ಹಾಕಿದ. ಅವನ ಮಾತು ಇಷ್ಟು ಹೊತ್ತು ಚೆನ್ನಾಗಿತ್ತು ಎಂದು ನಾನು ಅವನ ತಪ್ಪನ್ನು ಮುಚ್ಚಿಡುವುದಿಲ್ಲ. ನನ್ನ ಹೊಳೆಗೇ ಹಾರ ಬೀಳಬೇಕು ಎಂದು ಅವನೂ ಅರಚಿದ.

ಗದ್ದಲಕ್ಕೆ ಕೂಸು ಬೆಚ್ಚಿ ಅತ್ತಿತು. ಮುದುಕಿ ಎದ್ದಳು. ಕಸಬರಿಗೆ ಹಿಡಿದಳು.

"ಹೊರಗ ಬಿದ್ದು ಬಡದಾಡ್ರಿ! ಹಡದಾಕಿ ಕಣ್ಣು ಮುಚ್ಚಬೇಕು" ಎಂದು ಎಲ್ಲರನ್ನೂ ಬೀದಿಗೆ ಅಟ್ಟಿದಳು. ದೇಸಾಯರು ಎಲ್ಲರಿಗಿಂತ ಮುಂದೆ ಹೋದರು. ಕಸಬರಿಗೆಗೆ ಮರ್ಯಾದೆ ಕೊಡುವುದು ಅವರಿಗೂ ಗೊತ್ತಿತ್ತು.

ಬೀದಿಯಲ್ಲಿ ವಾದ ಹೊತ್ತು ಇಳಿಯುವವರೆಗೂ ನಡೆಯಿತು. ಒಳಗೆ ತಾಯಿ ಕೂಸು ಇಬ್ಬರೂ ನಿದ್ದೆ ಹೋದರು. ಮರುದಿನ ಅವರನ್ನು ಮನೆಗೆ ಕರೆದೊಯ್ದರು. ಸಾಮಾನುಗಳೂ ಅವರವರ ಮನೆ ಸೇರಿದವು. ರೈತ ಈಗ ನೊಗ ಕಟ್ಟುವ ಮುಂಚೆ ಒಂದು ಗಳಿಗೆ ಗಿಳಿಯನ್ನು ನೋಡುತ್ತಾನೆ. ಎತ್ತುಗಳು ಕಾಯುತ್ತವೆ. ಬಾಣಂತಿ, "ಈ ಮನ್ಯಾಗ ಬರೇ ಗ್ವಾಡಿ ನೋಡ್ಕೋತ ಹೆಂಗ ಮಲಗ್ಲಿ? ಆ ಹೊಳಿ ತಂದು ಹಾಕ್ರಿ" ಎಂದಳು. ಚಿತ್ರಗಾರ ಚಿತ್ರವನ್ನು ಹೊತ್ತು ತಂದು ಬಾಣಂತಿಕೋಣೆಯಲ್ಲಿ ತೂಗುಹಾಕಿದ. ಬರುವಾಗ ಬಣ್ಣದ ಕುಡಿಕೆಯನ್ನೂ ತಂದಿದ್ದ. ಆಚೆ ದಂಡೆಯಲ್ಲಿ ಅವನು ತಾಯಿ ಆಕಳನ್ನು ಬರೆದೇ ಇರಲಿಲ್ಲ. ಹೇಳಿದ ಮೇಲೆ ಬರೆಯಲೇಬೇಕಾಯಿತು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯ ಇನ್ನೂ ಕಾಯುತ್ತಿದ್ದ. ಅವನಿಗೆ ತಡೆಯಲಾಗಲಿಲ್ಲ.

"ಅದೆಲ್ಲ ಸರಿ ಗುರುಗಳೇ. ಕೊನೆಗೆ ದೇಸಾಯರು ಹಾರವನ್ನು ಯಾವುದಕ್ಕೆ ಹಾಕಿದರು? ಕೌದಿಗೋ, ಚಿತ್ರಕ್ಕೋ?"

ಗುರುಗಳು ಅವನ ಮುಖ ನೋಡಿದರು.

"ಹೆತ್ತವಳು ಕಣ್ಣೆದುರು ಮಲಗಿದ್ದಾಳೆ, ನೀನು ಇನ್ನೂ ಹಾರ ಹಿಡಿದುಕೊಂಡು ಸಾಮಾನುಗಳ ನಡುವೆ ಓಡಾಡುತ್ತಿದ್ದೀಯಲ್ಲೋ!"